ಪೂರ್ವದ ಗ್ಯಾಲರಿ

ಜೂನ್ 9

ಫುಟ್ಬಾಲ್ ಕ್ಲಬ್ಬಿನ ನೂತನ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಾದ ನಾದಿನಿಯವರಿಗೆ,

ಅಭಿನಂದನೆಗಳು. ಇದನ್ನು ಫೋನಿನಲ್ಲೇ ಹೇಳೋಣವೆಂದು ಮೊನ್ನೆ ಕರೆ ಮಾಡಿದ್ದೆ. "ಭಾವ, ಕೂಗಾಡೋದಾದ್ರೆ ಪತ್ರ ಬರೀರಿ, ಫೈಲಿಗೆ ಹಾಕ್ಕೋತೀನಿ" ಎಂದು ತಾವು ಫೋನ್ ಇಟ್ಟುಬಿಟ್ಟಿರಿ. ಹಾಗಾಗಿ ಪತ್ರ. ಫೈಲಿಗೆ ಹಾಕಿಕೊಳ್ಳಿ.

ಇಷ್ಟು ವರ್ಷ ಸೋಪು ಮಾರಿದವರು ಈಗ ಫುಟ್ಬಾಲ್ ಮಾರಲು ಬಂದಿದ್ದೀರಿ. ಸಂತೋಷ. ಸೋಪಿಗೆ ನಾಯಕ ಇರುವುದಿಲ್ಲ, ಸೋಲು ಇರುವುದಿಲ್ಲ, ಸೋತ ದಿನ ಅನ್ನ ಬಿಟ್ಟು ಮಲಗುವ ಅಭಿಮಾನಿ ಇರುವುದಿಲ್ಲ. ಇಲ್ಲಿ ಇವೆಲ್ಲ ಇವೆ. ನಿಧಾನಕ್ಕೆ ಗೊತ್ತಾಗುತ್ತದೆ.

ನಾನು ದೂರದ ಈ ಬಂದರಿನಲ್ಲಿ ಕಂಪನಿಯ ತಂಡಕ್ಕೆ ತರಬೇತಿ ಕೊಟ್ಟುಕೊಂಡು ಬಿದ್ದಿದ್ದರೂ ಅಲ್ಲಿನ ಸುದ್ದಿ ನನಗೆ ಬರುತ್ತದೆ. ತಾವು ಕುರ್ಚಿಯ ಮೇಲೆ ಕೂತು ಮಾಡಿಸಿದ ಮೊದಲ ಕೆಲಸ ಹೆಂಗಸರ ಕಕ್ಕಸಂತೆ. ನಮ್ಮ ಮುಂಚೂಣಿ ಆಟಗಾರ ಮೊಣಕಾಲು ಮುರಿದುಕೊಂಡು ಮಲಗಿದ್ದಾನೆ, ಗೋಲ್‌ಕೀಪರನ ಕೈಗವಸು ಹರಿದಿದೆ, ಆದರೆ ಕ್ಲಬ್ಬಿಗೆ ಹೊಸ ಕಕ್ಕಸು ಬಂದಿದೆ! ಎರಡನೆಯ ಕೆಲಸ, ನನ್ನ ಐದನೇ ನಂಬರಿನ ಜೆರ್ಸಿಗೆ ನನ್ನ ಹೆಸರು ಅಚ್ಚು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದು. ನನ್ನನ್ನು ಒಂದು ಮಾತು ಕೇಳಿದಿರಾ? ನನ್ನ ಹೆಸರು ನಿಮ್ಮ ಸೋಪಿನ ಬಿಲ್ಲೆಯಲ್ಲ. ತಕ್ಷಣ ತೆಗೆಸಿ.

ಇತಿ,
ನಿಮ್ಮ ಕ್ಲಬ್ಬಿನ ಮಾಜಿ ನಾಯಕ, ನಿಮ್ಮ ಅಕ್ಕನ ಗಂಡ

(ಪುಟ್ಟಾ, ಎರಡು ಸಲ ಹರಿದುಹಾಕಿ ಮೂರನೇ ಸಲ ಬರೆದದ್ದು ಇದು. ಇದೇ ಮೆತ್ತಗಿನದು ಎಂದುಕೊ. ಊಟ ಸರಿಯಾಗಿ ಮಾಡು. — ಅಕ್ಕ)


ಜೂನ್ 17

ಭಾವನವರಿಗೆ ನಮಸ್ಕಾರ.

ನಿಮ್ಮ ಪತ್ರ ಫೈಲಿಗೆ ಸೇರಿದೆ. ನಿಮ್ಮ ಹೆಸರು ಬರೆದ ಹೊಸ ಫೈಲು ಮಾಡಿಸಿದ್ದೇನೆ. ತುಂಬುತ್ತದೆಂದು ಕಾಣುತ್ತದೆ.

ನನ್ನ ಕೋಣೆ ಪಶ್ಚಿಮದ ಗ್ಯಾಲರಿಯ ಕೆಳಗಿದೆ. ಮೇಲೆ ಜನ ಕುಣಿದರೆ ಗೋಡೆಯ ಸುಣ್ಣ ಟೀ ಲೋಟಕ್ಕೆ ಉದುರುತ್ತದೆ. ಕಪಾಟು ತೆರೆದರೆ ನೋವಿನ ಎಣ್ಣೆಯ ವಾಸನೆ. ಇಲ್ಲಿ ಕೂತು ಯೋಚಿಸಿದರೆ ಏನೂ ಹೊಳೆಯುವುದಿಲ್ಲವೆಂದು ಪಂದ್ಯದ ದಿನಗಳಲ್ಲಿ ನಾನು ಬೀದಿಯಲ್ಲಿ ನಿಲ್ಲುತ್ತಿದ್ದೆ. ಯಾರು ಬರುತ್ತಾರೆಂದು ನೋಡಲಿಕ್ಕಲ್ಲ, ಯಾರು ಬರುವುದಿಲ್ಲವೆಂದು ನೋಡಲಿಕ್ಕೆ. ಎದುರಿನ ಬಸ್ ನಿಲ್ದಾಣದಲ್ಲಿ ಒಬ್ಬ ನರ್ಸ್, ಗಂಡನನ್ನೂ ಮಗಳನ್ನೂ ಗೇಟಿನ ತನಕ ಬಿಟ್ಟು ವಾಪಸು ಹೊರಟಿದ್ದರು. "ನಿಮಗೆ ಆಟ ಇಷ್ಟ ಇಲ್ವಾ?" ಎಂದು ಕೇಳಿದೆ. "ಇಷ್ಟ ಇಲ್ದೆ ಏನು? ಕಾಲೇಜಲ್ಲಿ ನಾನೇ ಆಡ್ತಿದ್ದೆ. ಒಳಗೆ ಹೆಂಗಸ್ರಿಗೆ ಒಂದು ಬಾಗಿಲಿಲ್ಲ. ಅಷ್ಟೊತ್ತು ಹೇಗ್ರೀ ತಡ್ಕೊಂಡಿರೋದು?" ಎಂದರು. ನಿಮ್ಮ ಕಾಲದಿಂದ ಇಂದಿನವರೆಗೆ ಊರಿನ ಅರ್ಧ ಜನ ಗೇಟಿನಿಂದಲೇ ವಾಪಸು ಹೋಗಿದ್ದಾರೆ. ನೀವು ಯಾರೂ ಅದನ್ನು ನೋಡಲಿಲ್ಲ, ಏಕೆಂದರೆ ನೀವೆಲ್ಲ ಚೆಂಡು ನೋಡುತ್ತಿದ್ದಿರಿ. ಕಳೆದ ಪಂದ್ಯಕ್ಕೆ ಆ ನರ್ಸ್ ತನ್ನ ವಾರ್ಡಿನ ಗೆಳತಿಯರನ್ನೆಲ್ಲ ಕಟ್ಟಿಕೊಂಡು ಬಂದಿದ್ದರು.

ಇನ್ನು ಮುಂದೆ ಮನೆಮಂದಿಗೆಲ್ಲ ಒಂದೇ ಟಿಕೆಟ್ ಇರುತ್ತದೆ. ಬೆಳಗಿನ ಹೊತ್ತು ಖಾಲಿ ಬಿದ್ದಿರುವ ಮೈದಾನದಲ್ಲಿ ಮಕ್ಕಳಿಗೆ ತರಬೇತಿ. ಗೋಡೆಯ ಬಣ್ಣ ತಯಾರಿಸುವ ಒಂದು ಕಂಪನಿ ದುಡ್ಡು ಕೊಟ್ಟು ನಮ್ಮ ಆಟಗಾರರ ಎದೆಯ ಮೇಲೆ ತನ್ನ ಹೆಸರು ಹಾಕಲು ಮುಂದೆ ಬಂದಿದೆ, ಮಾತುಕತೆ ನಡೆಯುತ್ತಿದೆ.

ಜೆರ್ಸಿಯ ವಿಷಯ: ಅಂಗಡಿಯಲ್ಲಿ ಅತಿ ಹೆಚ್ಚು ಓಡುವ ಮಾಲು ಅದೇ. ಐದನೇ ನಂಬರು ಕ್ಲಬ್ಬಿನ ಆಸ್ತಿ ಎನ್ನುತ್ತಾರೆ ಅಧ್ಯಕ್ಷರು. ಮರ್ಯಾದೆಯಿಂದ ಕೇಳಿದ್ದರೆ ತೆಗೆಸುತ್ತಿದ್ದೆ.

ಬೇರೆಯವರಿಂದ ತಿಳಿಯುವ ಬದಲು ನನ್ನಿಂದಲೇ ತಿಳಿಯಲಿ. ಈ ಋತು ಮುಗಿದ ಮೇಲೆ ಪೂರ್ವದ ಗ್ಯಾಲರಿಯನ್ನು ಕೆಡವುತ್ತೇವೆ. ಹಳೆಯದಾಗಿದೆ. ಕೆಳಗೆ ಮಳಿಗೆಗಳು, ಮೇಲೆ ಕುರ್ಚಿಗಳು ಬರುತ್ತವೆ.

ಅಕ್ಕನಿಗೆ ಊಟ ಮಾಡುತ್ತಿದ್ದೇನೆಂದು ಹೇಳಿ.


ಜೂನ್ 26

ನಾದಿನಿ,

"ತಾವು" ಗೀವು ಎಲ್ಲ ಸಾಕು. ಪೂರ್ವದ ಗ್ಯಾಲರಿ "ಹಳೆಯದಾಗಿದೆ" ಎಂದು ಒಂದೇ ಮಾತಿನಲ್ಲಿ ಬರೆದು ಮುಗಿಸಿದ್ದೀಯಲ್ಲ, ಪೆನ್ನು ಹೇಗೆ ಓಡಿತು ನಿನಗೆ?

ಅಲ್ಲಿ ಯಾರು ನಿಲ್ಲುತ್ತಾರೆಂದು ನಿನಗೆ ಗೊತ್ತಾ? ಬಸ್ ಡಿಪೋದವರು, ಮಂಜುಗಡ್ಡೆ ಕಾರ್ಖಾನೆಯವರು, ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ನೇರ ಬರುವವರು. ಅವರು ಕೂರುವುದಿಲ್ಲ. ಕೂತರೆ ನಿದ್ದೆ ಹತ್ತುತ್ತದೆಂದು ನಿಂತೇ ಇರುತ್ತಾರೆ. ನಾವು ಎರಡು ಗೋಲಿನಿಂದ ಹಿಂದೆ ಬಿದ್ದಾಗ ಪಶ್ಚಿಮದ ಕುರ್ಚಿಯವರು ಕಾರು ಹುಡುಕಿಕೊಂಡು ಹೊರಡುತ್ತಿದ್ದರು. ಪೂರ್ವದವರು ಇನ್ನೂ ಜೋರಾಗಿ ಕಾಲು ಬಡಿಯುತ್ತಿದ್ದರು. ಡಿಪೋದ ಮೆಕ್ಯಾನಿಕ್ ಡೋಲಣ್ಣ ಡೋಲು ಹಿಡಿದು ಮೇಲಿನ ಮೆಟ್ಟಿಲಲ್ಲಿ ನಿಂತರೆ ಆ ಸದ್ದು ಅಂಗಾಲಿನಿಂದ ಹತ್ತಿ ಬರುತ್ತಿತ್ತು. ನನ್ನ ಅಪ್ಪ ಅಲ್ಲೇ ನಿಂತು ನನಗೆ ಬಯ್ಯುತ್ತಿದ್ದ. ಅಷ್ಟು ಜನರ ನಡುವೆ ಅವನ ಬೈಗುಳ ಮಾತ್ರ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಅವರನ್ನು ಹೊರಗೆ ಹಾಕಿ ಅಲ್ಲಿ ಮೊಬೈಲ್ ಅಂಗಡಿ ಇಡುತ್ತೀಯಾ? ಮೇಲೆ ಕುರ್ಚಿ ಹಾಕಿ ಯಾರನ್ನು ಕೂರಿಸುತ್ತೀ, ಬಣ್ಣದ ಕಂಪನಿಯ ಅಳಿಯಂದಿರನ್ನಾ?

ಅಭಿಮಾನಿಗಳ ಸಂಘಕ್ಕೆ ನಾನು ಬರೆದಿದ್ದೇನೆ. ನೀನು ಆ ಗ್ಯಾಲರಿಯ ಒಂದು ಕಲ್ಲು ಮುಟ್ಟುವ ದಿನ ಅದು ಕಿಕ್ಕಿರಿದು ತುಂಬಿರುತ್ತದೆ. ಜನರ ಮೇಲೆ ಯಂತ್ರ ಹತ್ತಿಸುತ್ತೀಯಾ, ನೋಡೋಣ.

(ಪುಟ್ಟಾ, ನನಗೂ ಬೇಸರವಾಯಿತು. ನಾನು ಇವರನ್ನು ಮೊದಲು ನೋಡಿದ್ದು ಅಲ್ಲಿಂದಲೇ. ನಿನ್ನನ್ನೂ ಕರೆದುಕೊಂಡು ಹೋಗಿದ್ದೆ, ನೀನು ಮನೆಗೆ ಹೋಗೋಣ ಎಂದು ಅಳುತ್ತಿದ್ದೆ. ಕೆಡವಲೇಬೇಕಾ? — ಅಕ್ಕ)


ಜುಲೈ 8

ಭಾವ,

ಪತ್ರಿಕೆಯಲ್ಲಿ ನಿಮ್ಮ ಸಂದರ್ಶನ ಓದಿದೆ. ಫೋಟೋ ಚೆನ್ನಾಗಿ ಬಂದಿದೆ. "ಸೋಪಿನವಳು ನಾಳೆ ಗೋಲಿನ ಕಂಬಗಳನ್ನೂ ಗುಜರಿಗೆ ಹಾಕುತ್ತಾಳೆ" ಎಂದಿದ್ದೀರಿ. ಪತ್ರಿಕೆಯವರ ಹತ್ತಿರ ಹೋಗುತ್ತೇನೆಂದು ನನಗೆ ಬರೆದ ಪತ್ರದಲ್ಲಿ ಮಾತ್ರ ಹೇಳಲಿಲ್ಲ.

ಅದು ಅಚ್ಚಾದ ಬೆಳಿಗ್ಗೆಯೇ ಬಣ್ಣದ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. "ಮೇಡಂ, ನಿಮ್ಮ ಮನೆಯೋರೇ ನಿಮ್ಮ ಜೊತೆ ಇಲ್ಲ, ಊರು ಹೇಗೆ ಇರುತ್ತೆ?" ಎಂದರು. ಅವರನ್ನು ಒಪ್ಪಿಸಲು ನನಗೆ ಇಡೀ ಎರಡು ತಿಂಗಳು ಹಿಡಿದಿತ್ತು. ಈಗ ಮತ್ತೆ ಮೊದಲಿನಿಂದ ಶುರು.

ನಿಮಗೆ ಇಷ್ಟೊಂದು ಹೊಟ್ಟೆಯುರಿ ಏಕೆಂದು ನನಗೆ ಗೊತ್ತಿದೆ. ಗ್ಯಾಲರಿಯೂ ಅಲ್ಲ, ಜೆರ್ಸಿಯೂ ಅಲ್ಲ. ನಾನು ಸಂದರ್ಶನಕ್ಕೆ ಹೋದ ದಿನ ಅಧ್ಯಕ್ಷರು ನಗುತ್ತಾ ಹೇಳಿದ್ದರು: "ಇದೇ ಕುರ್ಚಿ ಮೇಲೆ ಮೊನ್ನೆ ನಿಮ್ಮ ಭಾವ ಕೂತಿದ್ರು. ಕ್ಲಬ್ಬನ್ನ ಹೇಗೆ ಬೆಳೆಸ್ತೀರಿ ಅಂತ ಕೇಳಿದ್ದಕ್ಕೆ ಹಳೇ ಪಂದ್ಯದ ಕಥೆ ಹೇಳಿದ್ರು." ನೀವು ನನ್ನ ಕೆಲಸಕ್ಕೇ ಅರ್ಜಿ ಹಾಕಿದ್ದಿರಿ. ಸಿಗಲಿಲ್ಲ. ಸಿಕ್ಕವಳ ಮೇಲೆ ಈಗ ವಿಷ ಕಾರುತ್ತಿದ್ದೀರಿ.

ಅಕ್ಕ ಇಷ್ಟು ವರ್ಷ ಈ ಊರಿಗೆ ವಾಪಸು ಹೋಗೋಣವೆಂದು ಗೋಗರೆದಳು. "ಆ ಊರಿನ ಹೆಸರು ಎತ್ತಬೇಡ" ಎಂದು ಅವಳ ಬಾಯಿ ಮುಚ್ಚಿಸಿದವರು ನೀವು. ಅವಳಿಗೆ ಹೇಳದೆ ಇಲ್ಲಿಗೆ ಬಂದು, ಕೂತು, ಹೋದಿರಿ. ಈ ಪತ್ರವನ್ನು ಅಕ್ಕ ಓದುತ್ತಾಳೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.


ಜುಲೈ 19

ನಾದಿನಿ,

ನಿನ್ನ ಅಕ್ಕ ಓದಿದಳು. ಓದಿ, ಮಡಚಿ, ಮೇಜಿನ ಮೇಲಿಟ್ಟು, ಒಲೆ ಆರಿಸಿ ಬಂದು ಕೇಳಿದಳು: "ನಿಜವಾ?" ನಿಜ ಎಂದೆ. "ಸಿಕ್ಕಿದ್ರೆ ಯಾವಾಗ ಹೇಳ್ತಿದ್ರಿ?" ಸಿಕ್ಕ ಮೇಲೆ ಹೇಳುತ್ತಿದ್ದೆ ಎಂದೆ. "ಸಿಗ್ಲಿಲ್ಲ ಅಂತ ನನಗೆ ಹೇಳೋಕೆ ನಾಚಿಕೆ ಆಯ್ತಾ, ನಾನು ಏನಾಗಬೇಕು ನಿಮಗೆ?" ಮರುದಿನ ಬಸ್ಸು ಹತ್ತಿದಳು. ನಿನ್ನ ಮನೆಗೇ ಬಂದಿರಬೇಕು. ನೀನು ಗುರಿ ಇಟ್ಟು ಹೊಡೆದೆ, ತಾಗಿತು. ಖುಷಿಪಡು.

ಆದರೆ ನನ್ನ ಸಿಟ್ಟು ಕುರ್ಚಿಯದು ಎಂದು ನೀನು ತಿಳಿದಿದ್ದರೆ ನೀನು ನನ್ನನ್ನು ಇನ್ನೂ ಅರಿತಿಲ್ಲ.

ಆಗಸ್ಟ್ 10 ಋತುವಿನ ಕೊನೆಯ ಪಂದ್ಯ. ಅಂದು ಊರಿನ ಒಬ್ಬೊಬ್ಬ ಅಭಿಮಾನಿಯೂ ಪೂರ್ವದ ಗ್ಯಾಲರಿಯಲ್ಲೇ ನಿಲ್ಲುತ್ತಾನೆ. ಪಶ್ಚಿಮದ ಟಿಕೆಟ್ ತೆಗೆದುಕೊಂಡವರೂ ಅಲ್ಲಿಗೇ ಬರುತ್ತಾರೆ. ಭಿತ್ತಿಪತ್ರ ಅಂಟಿಸಿ ಆಗಿದೆ. ಪಂದ್ಯ ಮುಗಿದರೂ ಇಳಿಯುವುದಿಲ್ಲ. ನಾನೂ ಬರುತ್ತೇನೆ.


ಜುಲೈ 29

ಭಾವ,

ಅಕ್ಕ ಇಲ್ಲಿದ್ದಾಳೆ. ಖುಷಿಪಡಲು ನನಗೂ ಅವಕಾಶ ಕೊಟ್ಟಿಲ್ಲ. ಬಂದ ದಿನವೇ ಹೇಳಿದಳು: "ಅವರು ಮುಚ್ಚಿಟ್ರು, ನೀನು ಅದನ್ನ ಕಲ್ಲು ಮಾಡ್ಕೊಂಡು ಬೀಸಿದೆ. ಇಬ್ಬರೂ ಒಂದೇ." ನನ್ನ ಮನೆಯಲ್ಲಿದ್ದುಕೊಂಡೇ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ತನಗೆ ಬೇಕಾದ ಹಾಗೆ ಜೋಡಿಸಿಕೊಂಡಿದ್ದಾಳೆ.

ನಿಮ್ಮ ಭಿತ್ತಿಪತ್ರ ನೋಡಿದೆ. ಪೂರ್ವದ ಗ್ಯಾಲರಿಗೆ ಇಂದು ಬೀಗ ಹಾಕಿಸಿದ್ದೇನೆ. ಹತ್ತರಂದು ಯಾರೂ ಅಲ್ಲಿ ಹತ್ತಕೂಡದು. ಸಂಘದವರಿಗೆ ನಾನು ಹೇಳಿದರೆ ಅವರು ಕೇಳುವುದಿಲ್ಲ, ನೀವು ಹೇಳಿದರೆ ಕೇಳುತ್ತಾರೆ. ದಯವಿಟ್ಟು ಈ ಪ್ರತಿಭಟನೆ ನಿಲ್ಲಿಸಿ. ಮೈದಾನದ ಹೊರಗೆ ಮಾಡಿ, ನನ್ನ ಕೋಣೆಯ ಬಾಗಿಲಲ್ಲಿ ಮಾಡಿ, ನನ್ನ ಪ್ರತಿಕೃತಿ ಸುಡಿ. ಅಲ್ಲಿ ಮಾತ್ರ ಬೇಡ.

ಕಾರಣ ಈಗ ಹೇಳಲಾರೆ. ಒಂದು ಸಲ ನನ್ನ ಮಾತು ನಂಬಿ.


ಆಗಸ್ಟ್ 3

ನಂಬಬೇಕಂತೆ! ಕಾರಣ ಹೇಳುವುದಿಲ್ಲವಂತೆ, ಬೀಗ ಹಾಕುತ್ತಾಳಂತೆ, ಆದರೂ ನಂಬಬೇಕಂತೆ.

ಕಾರಣ ನಾನೇ ಹೇಳುತ್ತೇನೆ ಕೇಳು. ಅಂದು ಬಣ್ಣದ ಕಂಪನಿಯವರು ಪಂದ್ಯ ನೋಡಲು ಬರುತ್ತಿದ್ದಾರೆ. ಎದುರಿನ ಗ್ಯಾಲರಿಯಲ್ಲಿ ಇಡೀ ಊರು ನಿಂತು "ಸಿಇಒ, ಮನೆಗೆ ಹೋಗು" ಎಂದು ಕೂಗುವುದು ಅವರ ಕಣ್ಣಿಗೆ ಬೀಳಬಾರದು. ಅಷ್ಟೇ ತಾನೆ?

ಡೋಲಣ್ಣನ ಡಿಪೋದಲ್ಲಿ ಕಬ್ಬಿಣ ಕತ್ತರಿಸುವ ಯಂತ್ರ ಇದೆ. ನಿನ್ನ ಬೀಗ ಎಷ್ಟು ಹೊತ್ತು ನಿಲ್ಲುತ್ತದೋ ನೋಡೋಣ.


ಆಗಸ್ಟ್ 6

ಭಾವ,

ಇದನ್ನು ಕೊರಿಯರ್‌ನಲ್ಲಿ ಕಳುಹಿಸುತ್ತಿದ್ದೇನೆ. ನಿಮ್ಮ ಫೋನು ನಾಲ್ಕು ದಿನದಿಂದ ಬಂದ್ ಆಗಿದೆ, ಅಥವಾ ನನಗೆ ಮಾತ್ರ ಬಂದ್. ಅಕ್ಕ ಮಾಡಿದರೂ ಎತ್ತುತ್ತಿಲ್ಲ.

ಮಳಿಗೆಗಳಿಗೆ ಅಳತೆ ತೆಗೆಯಲು ಜೂನ್ ಮೊದಲ ವಾರ ಒಬ್ಬ ಇಂಜಿನಿಯರ್ ಬಂದಿದ್ದರು. ಪೂರ್ವದ ಗ್ಯಾಲರಿಯ ಕೆಳಗೆ ಹೋಗಿ ಸುತ್ತಿಗೆಯಿಂದ ಕಂಬಗಳನ್ನು ತಟ್ಟಿದರು. ಒಂದು ಕಡೆ ಸಿಮೆಂಟಿನ ಹೆಂಟೆ ಕಿತ್ತು ಬಂತು. ಒಳಗಿನ ಕಬ್ಬಿಣ ಬೆರಳಿಗೆ ಪುಡಿಯಾಗುತ್ತಿತ್ತು. ಹೊರಗೆ ಬಂದು ಕೈ ತೊಳೆದುಕೊಂಡು ಹೇಳಿದರು: "ಮೇಡಂ, ಅಂಗಡಿ ಮಾತು ಆಮೇಲೆ. ಇದರ ಮೇಲೆ ಇನ್ನು ಜನ ಹತ್ತಿಸಬೇಡಿ. ನಿಂತಿದ್ರೆ ಹೇಗೋ ತಡಿಯುತ್ತೆ. ಎಲ್ಲರೂ ಒಟ್ಟಿಗೆ ಕುಣಿದ್ರೆ ನಾನು ಜವಾಬ್ದಾರನಲ್ಲ."

ಅಧ್ಯಕ್ಷರಿಗೆ ಹೇಳಿದೆ. "ಬಣ್ಣದ ಕಂಪನಿ ಸಹಿ ಹಾಕೋ ತನಕ ಬಾಯಿ ಬಿಡಬೇಡಿ. ಬೀಳೋ ಮೈದಾನಕ್ಕೆ ಯಾರು ಹೆಸರು ಕೊಡ್ತಾರೆ? ಪಂದ್ಯ ನಡೆಸೋ ಲೀಗಿನೋರಿಗೆ ಗೊತ್ತಾದ್ರೆ ಕ್ಲಬ್ಬೇ ಮುಚ್ಚುತ್ತೆ" ಎಂದರು. ಕಂಪನಿಯ ದುಡ್ಡಿಲ್ಲದೆ ಹೊಸದು ಕಟ್ಟುವ ದಾರಿ ನನಗೂ ಕಾಣಲಿಲ್ಲ. ಒಪ್ಪಿದೆ. ಕೆಡವುತ್ತೇವೆಂದು ಮಾತ್ರ ಹೇಳಿದೆ, ಏಕೆಂದು ಹೇಳಲಿಲ್ಲ.

ಆಮೇಲೆ ಎರಡು ಪಂದ್ಯಗಳು ನಡೆದವು. ಎರಡರಲ್ಲೂ ಪೂರ್ವದಲ್ಲಿ ಜನ ನಿಂತಿದ್ದರು. ನಾನು ಪಂದ್ಯ ನೋಡಲಿಲ್ಲ. ಆ ಗೋಡೆಯನ್ನೇ ನೋಡುತ್ತಿದ್ದೆ. ನಮ್ಮವರು ಗೋಲು ಹೊಡೆಯದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಇವತ್ತು ಅಕ್ಕನಿಗೆ ಹೇಳಿದೆ. ಅವಳು ಎಷ್ಟೋ ದಿನದ ಮೇಲೆ ಬಾಯಿ ತೆರೆದಳು. "ನೀನು ಹೇಳ್ತೀಯಾ, ನಾನು ಬೀದಿಗೆ ಹೋಗಿ ಹೇಳ್ಲಾ?" ಎಂದಳು. ನಾನೇ ಹೇಳುತ್ತೇನೆ. ಕಂಪನಿ ಹೋಗಲಿ, ಕೆಲಸ ಹೋಗಲಿ. ಈ ಪತ್ರ ಸಿಕ್ಕ ಕ್ಷಣ ಸಂಘದವರಿಗೆ ಫೋನ್ ಮಾಡಿ, ಭಾವ. ನನ್ನ ಬಾಯಿಂದ ಬಂದರೆ ಅದು ಹೊಸ ನಾಟಕ ಎನ್ನುತ್ತಾರೆ.


ಆಗಸ್ಟ್ 13

ನಾದಿನಿ,

ನಾನು ಏಳನೇ ತಾರೀಖಿನ ಬೆಳಿಗ್ಗೆಯೇ ರೈಲು ಹತ್ತಿದ್ದೆ. ಇಂದು ನಾನು ವಾಪಸು ಬಂದಾಗ ನಿನ್ನ ಪತ್ರ ಬಾಗಿಲ ಸಂದಿಯಲ್ಲಿ ಸಿಕ್ಕಿತು.

ಹತ್ತರಂದು ನಡೆದದ್ದು ನಿನಗೂ ಗೊತ್ತಿದೆ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ. ನೀನು ಆ ಗೇಟಿನ ಮುಂದೆ ಮೈಕು ಹಿಡಿದು ನಿಂತು "ಗ್ಯಾಲರಿ ಬೀಳುತ್ತೆ, ನನಗೆ ಜೂನಿನಿಂದ ಗೊತ್ತಿತ್ತು" ಎಂದೆ. ನನ್ನ ಹಿಂದೆ ಅಷ್ಟು ಜನ. ನಾನೇ ಮೊದಲು ಕೂಗಿದೆ: "ಸುಳ್ಳು! ಹೆದರಿಸ್ತಿದಾಳೆ, ಬೀಗ ಒಡೀರಿ!" ನಿನ್ನ ಮೇಲೆ ನೀರಿನ ಬಾಟಲಿಗಳು ಬಿದ್ದವು. ಒಂದು ಹಣೆಗೆ ತಾಗಿತು. ನೀನು ಮೈಕು ಬಿಡಲಿಲ್ಲ. ಡೋಲಣ್ಣನ ಯಂತ್ರ ಬೀಗಕ್ಕೆ ತಾಗಿ ಕಿಡಿ ಹಾರುತ್ತಿತ್ತು. ಆಗ ನಿನ್ನ ಅಕ್ಕ ಎಲ್ಲಿಂದಲೋ ಬಂದು ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ಚಪ್ಪಲಿ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡಳು, ಮನೆಯ ಜಗಲಿಯಲ್ಲಿ ಕೂತ ಹಾಗೆ. ನನ್ನ ಮುಖ ನೋಡಿ ಹೇಳಿದಳು: "ಕತ್ತರಿಸಿ. ನನ್ನ ದಾಟ್ಕೊಂಡು ಹೋಗಿ ಕುಣೀರಿ. ಸತ್ರೆ ಯಾರ ಹೆಸರು ಹೇಳ್ಬೇಕು ಅಂತ ಮಾತ್ರ ಹೇಳಿಬಿಟ್ಟು ಹೋಗಿ, ಇವಳದ್ದಾ ನಿಮ್ಮದಾ."

ಡೋಲಣ್ಣ ಯಂತ್ರ ಆರಿಸಿದ. ನನ್ನನ್ನು ನೋಡಲಿಲ್ಲ. "ಅಕ್ಕ ಸುಳ್ಳು ಹೇಳೋರಲ್ಲ" ಎಂದು ಡೋಲು ಹೆಗಲಿಗೆ ಹಾಕಿಕೊಂಡು ಹೊರಟ. ಅವನ ಹಿಂದೆ ಎಲ್ಲರೂ. ನಾನು ಒಬ್ಬನೇ ಉಳಿದೆ. ಪಂದ್ಯ ರದ್ದಾಯಿತು, ಅಂಕ ಎದುರಾಳಿಗೆ ಹೋಯಿತು.

ಇಷ್ಟೆಲ್ಲ ಬರೆದೆನೆಂದು ಮೆತ್ತಗಾದೆ ಎಂದುಕೊಳ್ಳಬೇಡ. ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು. ನೀನು ಗೋಡೆ ನೋಡುತ್ತಿದ್ದೆಯಂತೆ! ಆ ಎರಡೂ ಪಂದ್ಯಗಳಲ್ಲಿ ನನ್ನ ತಮ್ಮನ ಮಗಳು ಡೋಲಣ್ಣನ ಪಕ್ಕದಲ್ಲೇ ನಿಂತಿದ್ದಳು. ಬಿದ್ದಿದ್ದರೆ ಅವಳ ಅಪ್ಪನಿಗೆ ಏನು ಹೇಳುತ್ತಿದ್ದೆ, ಬಣ್ಣದ ಕಂಪನಿಯವರು ಇನ್ನೂ ಸಹಿ ಹಾಕಿರಲಿಲ್ಲ ಎಂದೇ? ಇದನ್ನು ನಾನು ಕ್ಷಮಿಸುವುದಿಲ್ಲ.

ನಿನ್ನನ್ನು ಇಟ್ಟುಕೊಳ್ಳಬೇಕೋ ಓಡಿಸಬೇಕೋ ಎಂದು ಸಂಘದವರು ಸಭೆ ಕರೆದಿದ್ದಾರೆ. ನನ್ನನ್ನೂ ಕರೆದಿದ್ದಾರೆ. ಅಲ್ಲಿ ಏನು ಹೇಳುತ್ತೇನೆಂದು ನಿನಗೆ ಹೇಳುವ ಅಗತ್ಯ ನನಗಿಲ್ಲ.


ಸೆಪ್ಟೆಂಬರ್ 4

ಭಾವ,

ಗ್ಯಾಲರಿ ಕೆಡವಿ ಆಯಿತು. ಒಂದು ಬೆಳಿಗ್ಗೆ ಯಂತ್ರ ತಂದು ಮೂಲೆಯ ಕಂಬವನ್ನು ಮೆಲ್ಲಗೆ ತಳ್ಳಿದರು, ಹೇಗೆ ಬರುತ್ತದೆಂದು ನೋಡಲು. ಇಡೀ ಹಿಂಗೋಡೆ ತಾನಾಗಿ ಮಂಡಿಯೂರಿತು. ಯಂತ್ರದವನು ಹೆದರಿ ಇಳಿದು ಓಡಿದ. ಬೀದಿಯಲ್ಲಿ ನೋಡುತ್ತಿದ್ದ ಡಿಪೋದವರು ಧೂಳು ಕೂರುವ ತನಕ ಹಾಗೇ ನಿಂತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಕೆಲಸಕ್ಕೆ ಹೋದರು. ನನ್ನ ಕಡೆ ಯಾರೂ ತಿರುಗಲಿಲ್ಲ.

ಬಣ್ಣದ ಕಂಪನಿ ಹೋಯಿತು. ಅಧ್ಯಕ್ಷರು ಎಲ್ಲ ನನ್ನ ತಲೆಗೆ ಕಟ್ಟಿ ರಾಜೀನಾಮೆ ಕೇಳಿದರು. ಬರೆದು ಮೇಜಿನ ಮೇಲೆ ಇಟ್ಟಿದ್ದೆ. ಅಷ್ಟರಲ್ಲಿ ಸಂಘದ ಕಾರ್ಯದರ್ಶಿ ಬಂದರು. ಕೂರಿ ಎಂದರೂ ಕೂರಲಿಲ್ಲ. "ನಿಮ್ಮ ಮೇಲೆ ಪ್ರೀತಿ ಬಂದು ಹೇಳ್ತಿಲ್ಲ. ಕೆಡವಿದೋರೇ ಕಟ್ಟಿಕೊಟ್ಟು ಹೋಗ್ಲಿ ಅಂತ ಸಭೆ ತೀರ್ಮಾನ ಆಗಿದೆ. ಅಧ್ಯಕ್ಷರು ನಿಮ್ಮನ್ನ ಕಳಿಸಿದ್ರೆ ನಾವೂ ಪಂದ್ಯಕ್ಕೆ ಬರೋದಿಲ್ಲ" ಎಂದರು. ಅಧ್ಯಕ್ಷರು ಮರುದಿನ ಬೇರೆ ಸ್ವರ ತೆಗೆದರು.

ಸಭೆಯಲ್ಲಿ ನೀವು ನನ್ನನ್ನು ಓಡಿಸಲು ಹೇಳಿಯೇ ಇರುತ್ತೀರಿ. ಕೊನೆಗೂ ಅವರು ನಿಮ್ಮ ಮಾತು ಮೀರಿದರಲ್ಲ, ಅಷ್ಟು ಸಾಕು.

ಇನ್ನು ಒಂದು ದೊಡ್ಡ ಕಂಪನಿಯ ಕಾಲು ಹಿಡಿಯುವುದಿಲ್ಲ. ಊರಿನ ಟೈರ್ ಅಂಗಡಿ, ಕ್ಷೌರದಂಗಡಿ, ಕನ್ನಡಕದವರು, ಹೊಲಿಗೆಯವರು, ಪ್ರತಿ ಪಂದ್ಯಕ್ಕೆ ಒಬ್ಬೊಬ್ಬರ ಹೆಸರು ಎದೆಯ ಮೇಲೆ. ಅವರ ಗಿರಾಕಿಗಳೂ ಅವರ ಹೆಸರು ನೋಡಲು ಬರುತ್ತಾರೆ. ಕಟ್ಟದೇ ಇರುವ ಗ್ಯಾಲರಿಗೆ ವರ್ಷದ ಟಿಕೆಟ್ ಈಗಲೇ ಮಾರುತ್ತಿದ್ದೇನೆ. ಕುರ್ಚಿ ಇಲ್ಲ, ನಿಲ್ಲುವ ಮೆಟ್ಟಿಲುಗಳೇ. ನಿಮಗೋಸ್ಕರ ಅಲ್ಲ. ನಿಂತರೆ ಹೆಚ್ಚು ಜನ ಹಿಡಿಸುತ್ತಾರೆ.

ನಿಮ್ಮ ಜೆರ್ಸಿ ಅಂಗಡಿಯಿಂದ ತೆಗೆಸಿದ್ದೇನೆ. ನೀವು ಕೇಳಿದಿರೆಂದಲ್ಲ. "ಸುಳ್ಳು" ಎಂದು ಕೂಗಿದ ಮೇಲೆ ಅದನ್ನು ಯಾರೂ ಕೊಳ್ಳುತ್ತಿಲ್ಲ.


ಅಕ್ಟೋಬರ್ 11

ನಾದಿನಿ,

ನಿನ್ನ ಅಕ್ಕನ ಕನ್ನಡಕ ಇಲ್ಲೇ ಉಳಿದಿತ್ತು. ಕಳುಹಿಸಿದ್ದೇನೆ. ಇದರಲ್ಲಿ ಬೇರೆ ಅರ್ಥ ಹುಡುಕಬೇಡ.


ಅಕ್ಟೋಬರ್ 18

ಭಾವ,

ತಲುಪಿತು. ಅಕ್ಕ ಎಂದೋ ಹೊಸ ಕನ್ನಡಕ ಮಾಡಿಸಿಕೊಂಡಿದ್ದಾಳೆ. ಈಗ ಮಕ್ಕಳ ತರಬೇತಿಯ ಹೊಣೆ ಅವಳದೇ. ಬೆಳಿಗ್ಗೆ ಬೇಗ ಮೈದಾನಕ್ಕೆ ಹೋಗಿ ತಾಯಂದಿರ ಜೊತೆ ಜಗಳವಾಡಿ, ಅವರನ್ನೇ ಕೆಲಸಕ್ಕೆ ಹಚ್ಚಿ ಬರುತ್ತಾಳೆ. ನೀವು ಕಳುಹಿಸಿದ್ದನ್ನು ಪೆಟ್ಟಿಗೆ ಸಮೇತ ತನ್ನ ಕೋಣೆಗೆ ತೆಗೆದುಕೊಂಡು ಹೋದಳು. ಇದರಲ್ಲೂ ಅರ್ಥ ಹುಡುಕಬೇಡಿ.


ಜನವರಿ 20

ನಾದಿನಿ,

ಹೊಸ ಋತುವಿನ ಮೊದಲ ಪಂದ್ಯಕ್ಕೆ ಬಂದಿದ್ದೆ. ನಿನಗೆ ಹೇಳಿ ಬರಬೇಕೆಂದು ಅನಿಸಲಿಲ್ಲ. ತಮ್ಮನ ಮನೆಯಲ್ಲಿ ಇಳಿದುಕೊಂಡಿದ್ದೇನೆ, ಇನ್ನೂ ಒಂದು ವಾರ ಇಲ್ಲೇ ಇರುತ್ತೇನೆ.

ಆಟ ಹೀನಾಯವಾಗಿತ್ತು. ನಿನ್ನ ಹೊಸ ರಕ್ಷಣಾ ಆಟಗಾರನಿಗೆ ಎಡಗಾಲಿನಲ್ಲಿ ಒದೆಯಲೇ ಬರುವುದಿಲ್ಲ. ಟೈರ್ ಅಂಗಡಿಯ ಹೆಸರು ಎದೆಯ ಮೇಲೆ ಹಾಕಿಕೊಂಡು ಟೈರ್ ಪಂಕ್ಚರ್ ಆದವರಂತೆ ಓಡಿದರು. ಅರ್ಧ ಗ್ಯಾಲರಿ ಇನ್ನೂ ಹಲಗೆ, ಹಗ್ಗ. ಮುಗಿದಿರುವ ಅರ್ಧದಲ್ಲಿ ನನಗೆ ನಿಲ್ಲಲು ಜಾಗ ಸಿಗಲಿಲ್ಲ, ಅಷ್ಟು ಜನ. ಕೊನೆಗೆ ಇಬ್ಬರು ನರ್ಸುಗಳ ಮಧ್ಯೆ ನಿಂತೆ. ಅವರಲ್ಲಿ ಒಬ್ಬರು ಪಂದ್ಯ ಪೂರ್ತಿ ರೆಫರಿಗೆ ಬಯ್ದರು. ಅಂಥ ಬೈಗುಳ ನನ್ನ ಅಪ್ಪನಿಗೂ ಬರುತ್ತಿರಲಿಲ್ಲ. ನಾನು ಯಾರೆಂದು ಆಕೆಗೆ ಗೊತ್ತಾಗಲಿಲ್ಲ. "ಸ್ವಲ್ಪ ಸರೀರಿ, ಕಾಣಲ್ಲ" ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು.

ನಾವು ಗೋಲು ಹೊಡೆದಾಗ ಎಲ್ಲರೂ ಕುಣಿದರು. ನಾನು ಕುಣಿಯಲಿಲ್ಲ. ಕಾಲ ಕೆಳಗೆ ನೋಡಿಕೊಂಡೆ. ಗಟ್ಟಿಯಾಗಿತ್ತು.

ನಿನ್ನ ಮೇಲಿನ ಸಿಟ್ಟು ಹೋಗಿಲ್ಲ. ಅದು ಹೋಗುವಂಥದ್ದೂ ಅಲ್ಲ. ನಿನ್ನನ್ನು ಕೇಳುತ್ತಿರುವುದು ಒಂದೇ: ನಿನ್ನ ಅಕ್ಕ ನನ್ನನ್ನು ನೋಡುತ್ತಾಳೋ ಇಲ್ಲವೋ, ಕೇಳಿ ತಿಳಿಸು. ಫೋನ್ ಮಾಡಿದರೆ ಅವಳ ಉಸಿರು ಕೇಳಿಯೇ ನಾನು ಮಾತು ಮರೆತುಬಿಡುತ್ತೇನೆ. ಅದಕ್ಕೇ ಪತ್ರ.


ಜನವರಿ 23

ಭಾವ,

ಇವತ್ತು ಡೋಲಣ್ಣ ಕಚೇರಿಗೆ ಬಂದಿದ್ದ. ಆಗಸ್ಟಿನ ಸಭೆಯಲ್ಲಿ ನೀವು ಏನು ಹೇಳಿದಿರೆಂದು ಮಾತಿನ ನಡುವೆ ಬಾಯಿಬಿಟ್ಟ. "ಅವಳನ್ನ ಓಡಿಸಿದ್ರೆ ಇನ್ನೊಬ್ಬ ಬರ್ತಾನೆ, ಅವನಿಗೆ ಭಯ ಗೊತ್ತಿರಲ್ಲ. ಇವಳಿಗೆ ಗೊತ್ತಾಗಿದೆ. ಇವಳೇ ಕಟ್ಟಲಿ" ಎಂದಿರಂತೆ. ನಾನು ಸೆಪ್ಟೆಂಬರಿನಲ್ಲಿ ಬರೆದದ್ದನ್ನು ಓದಿಯೂ ನೀವು ಬಾಯಿ ಮುಚ್ಚಿಕೊಂಡಿದ್ದಿರಿ.

ಅದಕ್ಕೆ ನಾನು ಧನ್ಯವಾದ ಹೇಳುವುದಿಲ್ಲ. ನನ್ನ ಹಣೆಯ ಮೇಲಿನ ಕಲೆ ಇನ್ನೂ ಹೋಗಿಲ್ಲ.

ಅಕ್ಕನನ್ನು ಕೇಳಿದೆ. ಪಾತ್ರೆ ತೊಳೆಯುತ್ತಿದ್ದಳು, ತಿರುಗಲಿಲ್ಲ. ಕೊನೆಯ ತಟ್ಟೆ ಮಗುಚಿಟ್ಟು "ಬರೋದಾದ್ರೆ ಹಸ್ಕೊಂಡು ಬರ್ಲಿ" ಎಂದಳು.

ಭಾನುವಾರ ಮಧ್ಯಾಹ್ನ ಬನ್ನಿ. ಅವಳು ಮನೆಯಲ್ಲಿರುತ್ತಾಳೆ. ನಾನು ಇರುವುದಿಲ್ಲ.